ವೈಫೈ ಗೆರೆ ಪೂರ್ತಿ ಅದ, ನೆಟ್ ಯಾಕಿಲ್ಲ?



"ಸರ್, ವೈಫೈ ಫುಲ್ ಅದ, ಆದ್ರ ನೆಟ್ ಬರವಲ್ದು!" ಈ ಮಾತು ನೀವೂ ಕೇಳಿರುತ್ತೀರಿ. ಹುಡುಗ ಹೇಳಿದ್ದು ಸರಿಯೇ ಇದೆ. ವೈಫೈ ಬೇರೆ, ಇಂಟರ್‌ನೆಟ್ ಬೇರೆ.

ಊರಿನ ಟ್ಯಾಂಕಿನಿಂದ ಮನೆತನಕ ಬರುವ ಪೈಪು ಇಂಟರ್‌ನೆಟ್ ಸಂಪರ್ಕ ಅಂದುಕೊಳ್ಳಿ. ಮನೆಯೊಳಗಿನ ನಳ ವೈಫೈ. ನಳ ಎಷ್ಟೇ ಚೆನ್ನಾಗಿರಲಿ, ಪೈಪು ಒಡೆದಿದ್ದರೆ ನೀರು ಬರುವುದಿಲ್ಲ. ಫೋನಿನ ಗೆರೆಗಳು ತೋರಿಸುವುದು ಫೋನಿಗೂ ರೌಟರಿಗೂ ನಡುವಿನ ಸಿಗ್ನಲ್ ಮಾತ್ರ, ಹೊರಗಿನ ಸಂಪರ್ಕವನ್ನಲ್ಲ.

ಈಗ ಕೆಲವು ಪದಗಳು.

ಓಎನ್‌ಟಿ: ಫೈಬರ್ ತಂತಿಯಲ್ಲಿ ಬೆಳಕಾಗಿ ಬರುವ ಸಂಕೇತವನ್ನು ವಿದ್ಯುತ್ ಸಂಕೇತವಾಗಿ ಬದಲಿಸುವ ಡಬ್ಬಿ. ಹಳೆಯ ಟೆಲಿಫೋನ್ ತಂತಿಯಲ್ಲಿ ಇಂಥದೇ ಕೆಲಸ ಮಾಡುತ್ತಿದ್ದದ್ದು ಮೋಡೆಮ್.

ರೌಟರ್: ಮನೆಯ ಪೋಸ್ಟ್‌ಮನ್. ಪ್ರತಿ ಫೋನಿಗೂ ಒಂದು ಐಪಿ ವಿಳಾಸ ಕೊಟ್ಟು, ಯಾರ ಮಾಹಿತಿ ಯಾರಿಗೋ ಅವರಿಗೇ ಮುಟ್ಟಿಸುತ್ತದೆ. ಈಗ ಓಎನ್‌ಟಿ, ರೌಟರ್ ಎರಡೂ ಒಂದೇ ಡಬ್ಬಿಯಲ್ಲಿ ಬರುವುದುಂಟು.

ಎಸ್‌ಎಸ್‌ಐಡಿ: ಫೋನಿನಲ್ಲಿ ಕಾಣುವ ವೈಫೈ ಹೆಸರು.

ಬ್ಯಾಂಡ್: ಇದನ್ನು ಕಲಿಸಲು ನಮ್ಮ ಮಂಡಲದಲ್ಲೇ ಒಳ್ಳೆಯ ಉದಾಹರಣೆ ಇದೆ. ಮಾಚನೂರಿನ ಸಂಘಂ ರೇಡಿಯೊ 2008ರ ಅಕ್ಟೋಬರ್ 15ರಿಂದ ಹಳ್ಳಿಯ ಹೆಣ್ಣುಮಕ್ಕಳೇ ನಡೆಸುತ್ತಿರುವ ಸಮುದಾಯ ಬಾನುಲಿ. ಅದರ ಆವರ್ತನ 90.4 ಮೆಗಾಹರ್ಟ್ಸ್. ಬೆಳಕಿನ ವೇಗವನ್ನು ಆವರ್ತನದಿಂದ ಭಾಗಿಸಿದರೆ ತರಂಗದ ಉದ್ದ ಸುಮಾರು 3.3 ಮೀಟರ್. ವೈಫೈ ಕೂಡ ರೇಡಿಯೊ ತರಂಗವೇ. 2.4 ಗಿಗಾಹರ್ಟ್ಸ್‌ನಲ್ಲಿ ಅದರ ಉದ್ದ 12.5 ಸೆಂ.ಮೀ., 5 ಗಿಗಾಹರ್ಟ್ಸ್‌ನಲ್ಲಿ ಬರೀ 6 ಸೆಂ.ಮೀ. 5ರ ಬ್ಯಾಂಡ್‌ನಲ್ಲಿ ವೇಗ ಹೆಚ್ಚು ಸಿಗುತ್ತದೆ, ಆದರೆ ಗೋಡೆ ದಾಟುವಷ್ಟರಲ್ಲಿ ಅದು ಬೇಗ ಸೊರಗುತ್ತದೆ. ದೂರದ ಕೋಣೆಗೆ 2.4 ವಾಸಿ.

ಎಂಬಿಪಿಎಸ್: ಸೆಕೆಂಡಿಗೆ ಎಷ್ಟು ಮೆಗಾಬಿಟ್ ಎಂಬ ಲೆಕ್ಕ. 8 ಬಿಟ್ ಸೇರಿದರೆ 1 ಬೈಟ್. ಹಾಗಾಗಿ 40 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 5 ಮೆಗಾಬೈಟ್. 100 ಮೆಗಾಬೈಟಿನ ಪಾಠದ ವಿಡಿಯೊ ಇಳಿಸಲು 20 ಸೆಕೆಂಡ್ ಸಾಕು. ಹತ್ತು ಫೋನುಗಳು ಒಟ್ಟಿಗೇ ಇಳಿಸಿದರೆ? ಲೆಕ್ಕ ಮಕ್ಕಳೇ ಮಾಡಲಿ. (ಉತ್ತರ: 200 ಸೆಕೆಂಡ್.)

ನಮ್ಮದೇ ತಪ್ಪೊಂದು ಹೇಳಿಬಿಡುತ್ತೇನೆ. ಕಳುವಾದೀತೆಂದು ರೌಟರನ್ನು ಕಬ್ಬಿಣದ ಅಲ್ಮಾರಿಯಲ್ಲಿಟ್ಟು ಬೀಗ ಹಾಕಿದ್ದೆವು. ತಿಂಗಳುಗಟ್ಟಲೆ ನೆಟ್ ಕೊಟ್ಟವರನ್ನೇ ಬೈದೆವು. ಲೋಹ ರೇಡಿಯೊ ತರಂಗವನ್ನು ತಡೆಯುತ್ತದೆ ಅಂತ ಪಾಠ ಮಾಡಿದವನೇ ನಾನು! ಡಬ್ಬಿಯನ್ನು ಹೊರಗೆ ತೆಗೆದು ಗೋಡೆಯ ಮೇಲೆ ಎತ್ತರಕ್ಕೆ ಹಾಕಿದ ದಿನವೇ ವಿಡಿಯೊ ಓಡಿತು.

ನೆಟ್ ನಿಂತಾಗ ಮಕ್ಕಳಿಂದಲೇ ಈ ಮೂರು ಪರೀಕ್ಷೆ ಮಾಡಿಸಿ:

1. ರೌಟರಿನ ಹತ್ತಿರ ಹೋಗಿ ನೋಡಿ. ಅಲ್ಲಿ ಬಂದರೆ ದೋಷ ದೂರದ್ದು ಅಥವಾ ಗೋಡೆಯದು.
2. ಇನ್ನೊಂದು ಫೋನಿನಲ್ಲಿ ನೋಡಿ. ಅದರಲ್ಲಿ ಬಂದರೆ ದೋಷ ಮೊದಲ ಫೋನಿನದು.
3. ಎರಡರಲ್ಲೂ ಇಲ್ಲವೇ? ಡಬ್ಬಿಯ ಮೇಲೆ 'ಲಾಸ್' ಎಂಬ ಕೆಂಪು ದೀಪ ಹತ್ತಿದೆಯೇ ನೋಡಿ. ಹತ್ತಿದ್ದರೆ ಫೈಬರಿನ ಬೆಳಕು ತಲುಪುತ್ತಿಲ್ಲ. ಆಗ ದೂರು ಕೊಡಿ.

ಕೊನೆಗೆ, ಪಾಸ್‌ವರ್ಡ್. 12345678 ಬೇಡ. ಡಬ್ಬಿಯ ಸೆಟ್ಟಿಂಗಿಗೆ ಹೋಗುವ 'ಅಡ್ಮಿನ್' ಗುಪ್ತಪದವನ್ನೂ ಮೊದಲ ದಿನವೇ ಬದಲಿಸಿ. ಸಂಪರ್ಕ ಇರುವುದು ನಿಮ್ಮ ಹೆಸರಿನಲ್ಲಿ, ಯಾರೋ ದುರುಪಯೋಗ ಮಾಡಿದರೆ ಮೊದಲು ಕೇಳುವುದು ನಿಮ್ಮನ್ನೇ.

ಗಡಿಯ ಈಚೆ ಇರುವ ನಮ್ಮ ಮಕ್ಕಳಿಗೆ ಕನ್ನಡದ ಪುಸ್ತಕದಂಗಡಿ ದೂರ. ಕನ್ನಡದ ವಿಜ್ಞಾನ ಪಾಠ ಅವರ ಕೈಗೆ ಬೇಗ ಸಿಗುವುದು ಈ ಡಬ್ಬಿಯಿಂದಲೇ. ಅದು ನಿಂತಾಗ ಎಲ್ಲಿ ನಿಂತಿತೆಂದು ಹುಡುಕಲು ಕಲಿತರೆ, ಅದೂ ಒಂದು ವಿಜ್ಞಾನ ಪಾಠವೇ ಅಲ್ಲವೇ?