ಹಾಲಕ್ಕಿ ಸಂಸಾರ ಕಲಿಸಿದ ಪಾಠ

ಪಕ್ಕದ ಮನೆಯ ಅಜ್ಜನ ಮಾವಿನ ಮರದ ಪೊಟರೆಯಲ್ಲಿ ಕಳೆದ ಮಾರ್ಚ್‌ನಲ್ಲಿ ಹಾಲಕ್ಕಿಗಳು ಮರಿ ಮಾಡಿದ್ದವು. ಹಾಲಕ್ಕಿ ಎಂದರೆ ಸುಮಾರು 21 ಸೆಂ.ಮೀ. ಉದ್ದದ, ಬಿಳಿ ಚುಕ್ಕೆಗಳಿರುವ ಪುಟ್ಟ ಗೂಬೆ. ಅಪಶಕುನವೆಂದು ಅಜ್ಜ ಪೊಟರೆಗೆ ಸಿಮೆಂಟ್ ಹಾಕಿಸಲು ಹೊರಟರು. ಶಕುನ ನಂಬುವುದನ್ನು ನಮ್ಮ ಪ್ರವಾದಿಯವರು (ಸ) ನಿಷೇಧಿಸಿದ್ದಾರೆ. ಆದರೆ ಅಜ್ಜನಿಗೆ ಕಣ್ಣಾರೆ ತೋರಿಸಬೇಕಿತ್ತು. ಹದಿನೈದು ದಿನ ಸಮಯ ಕೇಳಿದೆ.

ಮೊದಲ ಸಂಜೆ ಮರದ ಕೆಳಗೇ ನಿಂತು ಫ್ಲ್ಯಾಶ್ ಹಾಕಿ ಫೋಟೊ ತೆಗೆದೆ. ಕೊಕ್ಕಿನಲ್ಲಿ ಹುಳ ಹಿಡಿದಿದ್ದ ದೊಡ್ಡ ಹಕ್ಕಿ ತಲೆ ಕುಣಿಸುತ್ತಾ ನನ್ನನ್ನೇ ದಿಟ್ಟಿಸಿತು, ಗೂಡಿಗೆ ಬರಲಿಲ್ಲ. ಒಳಗೆ ಮರಿಗಳು ಕೂಗುತ್ತಲೇ ಇದ್ದವು. ತಪ್ಪು ನನ್ನದೇ.

ಮರುದಿನದಿಂದ ಫ್ಲ್ಯಾಶ್ ಬಿಟ್ಟೆ. ಅಸರ್ ನಮಾಜಿನ ನಂತರ ನಮ್ಮ ತಾರಸಿಯಲ್ಲಿ ಅಲುಗಾಡದೆ ಕೂತು, ಮಾಮನ ಜೂಮ್ ಕ್ಯಾಮೆರಾದಲ್ಲಿ ನೋಡಿದೆ. ಗೂಬೆಯ ಕಣ್ಣುಗುಡ್ಡೆ ಹೊರಳುವುದಿಲ್ಲ. ಅದಕ್ಕೇ ಅದು ಕತ್ತನ್ನು 270 ಡಿಗ್ರಿವರೆಗೆ ತಿರುಗಿಸುತ್ತದೆ. ನಮ್ಮ ಕತ್ತಿನಲ್ಲಿ 7 ಮೂಳೆಗಳಿದ್ದರೆ ಅದಕ್ಕೆ 14.

ಜೀರ್ಣವಾಗದ ಎಲುಬು, ರೋಮಗಳನ್ನು ಗೂಬೆ ಉಂಡೆ ಮಾಡಿ ಉಗುಳುತ್ತದೆ. ಹಗಲಲ್ಲಿ ಮರದಡಿ ಅಂಥ ಉಂಡೆಗಳನ್ನು ಆರಿಸಿ ನೀರಲ್ಲಿ ನೆನೆಸಿ ಬಿಡಿಸಿದೆ. ದುಂಬಿಯ ಕವಚಗಳು, ಇಲಿಯ ದವಡೆ ಸಿಕ್ಕವು. ಹನ್ನೊಂದನೆಯ ಸಂಜೆ ಇಲಿ ಹಿಡಿದು ಪೊಟರೆಗೆ ಬಂದ ಹಕ್ಕಿಯ ಫೋಟೊವೂ ಸಿಕ್ಕಿತು.

ಎರಡನ್ನೂ ಅಜ್ಜನ ಮುಂದಿಟ್ಟೆ. ಬಹಳ ಹೊತ್ತು ನೋಡಿ, "ಹಾಗಾದರೆ ನನ್ನ ಭತ್ತದ ಕಾವಲು ಇದೇ ಅನ್ನು" ಎಂದರು. ಸಿಮೆಂಟಿನ ಮಾತು ಮತ್ತೆ ಎತ್ತಲಿಲ್ಲ.

ಗೆಳೆಯರೇ, ಗೂಡಿನ ಫೋಟೊ ತೆಗೆಯುವಾಗ ದೂರವಿರಿ, ಫ್ಲ್ಯಾಶ್ ಬೇಡ. ಹಕ್ಕಿ ನಮ್ಮನ್ನು ಮರೆತಾಗಲೇ ಒಳ್ಳೆಯ ಫೋಟೊ ಸಿಗುವುದು.