ಶಂಷಾಬಾದ್‌ನಿಂದ ನೈರೋಬಿಗೆ: ಹೊರಡುವ ಮುನ್ನ ಆಗಬೇಕಾದ ಕೆಲಸಗಳು

ಕೆನ್ಯಾಕ್ಕೆ ಹೋಗುವ ಭಾರತೀಯರಿಗೆ 2024ರ ಜನವರಿ 1ರಿಂದ ವೀಸಾ ಬೇಕಿಲ್ಲ. ಆ ದೇಶ ವೀಸಾ ಪದ್ಧತಿಯನ್ನೇ ಕೈಬಿಟ್ಟು, ಆನ್‌ಲೈನ್‌ನಲ್ಲಿ ಪಡೆಯುವ ಪ್ರಯಾಣ ಅನುಮತಿಯನ್ನು ಜಾರಿಗೆ ತಂದಿದೆ. ಇದನ್ನು ಇ-ಟಿಎ ಎನ್ನುತ್ತಾರೆ. ಇದು ಸುಲಭವಾಗಿ ಸಿಗುತ್ತದೆ. ಹೈದರಾಬಾದಿನಿಂದ ಹೋಗಿಬರುವವರು, ಶಂಷಾಬಾದ್ ವಿಮಾನ ನಿಲ್ದಾಣವನ್ನೇ ನೆಚ್ಚಿಕೊಂಡ ಬೀದರ್, ಕಲಬುರಗಿ, ರಾಯಚೂರಿನವರು ಎಡವುವುದು ಇನ್ನೊಂದು ಕಾಗದದ ವಿಷಯದಲ್ಲಿ. ಅದು ಹಳದಿ ಜ್ವರದ ಲಸಿಕೆ ಪ್ರಮಾಣಪತ್ರ. ಭಾರತದಿಂದ ನೇರವಾಗಿ ಬರುವವರಲ್ಲಿ ಕೆನ್ಯಾ ಅದನ್ನು ಕಡ್ಡಾಯವಾಗಿ ಕೇಳುವುದಿಲ್ಲ, ಭಾರತ ಹಳದಿ ಜ್ವರದ ದೇಶವಲ್ಲ. ಆದರೆ ಕೆನ್ಯಾ ಹಳದಿ ಜ್ವರದ ದೇಶವಾದ್ದರಿಂದ ಮರಳಿ ಬರುವಾಗ ಭಾರತ ಕೇಳುತ್ತದೆ. ತೋರಿಸಲು ಇಲ್ಲದವರು ಮನೆಗೆ ಹೋಗುವ ಬದಲು ಕ್ವಾರಂಟೈನ್‌ಗೆ ಹೋಗುತ್ತಾರೆ. ಆದ್ದರಿಂದ ಸಿದ್ಧತೆಯ ಲೆಕ್ಕ ಶುರುವಾಗಬೇಕಾದ್ದು ಲಸಿಕೆಯಿಂದ.

ಲಸಿಕೆ: ಹತ್ತು ದಿನದ ಲೆಕ್ಕ

ಭಾರತದಲ್ಲಿ ಹಳದಿ ಜ್ವರ ಇದುವರೆಗೆ ಕಾಣಿಸಿಕೊಂಡಿಲ್ಲ. ಅದನ್ನು ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆ ಮಾತ್ರ ನಮ್ಮಲ್ಲಿ ಧಾರಾಳವಾಗಿದೆ. ಡೆಂಗಿ, ಚಿಕೂನ್‌ಗುನ್ಯ ತರುವುದೂ ಅದೇ ಸೊಳ್ಳೆ. ಸೋಂಕು ಹೊತ್ತ ಒಬ್ಬ ಪ್ರಯಾಣಿಕ ಊರೊಳಗೆ ಬಂದರೆ ರೋಗ ಹಬ್ಬಲು ಬೇಕಾದ ಮಿಕ್ಕೆಲ್ಲವೂ ಇಲ್ಲಿ ಸಿದ್ಧವಾಗಿದೆ. ಸರ್ಕಾರ ಈ ವಿಷಯದಲ್ಲಿ ಸಡಿಲ ಬಿಡದಿರುವುದು ಇದಕ್ಕೇ, ಅದು ಸರಿಯಾದ ನಿಲುವೂ ಹೌದು. ಸೊಳ್ಳೆ ಕಚ್ಚಿ ಮೂರರಿಂದ ಆರು ದಿನದೊಳಗೆ ರೋಗಲಕ್ಷಣ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಹಳದಿ ಜ್ವರದ ದೇಶ ಬಿಟ್ಟು 6 ದಿನ ತುಂಬುವ ಮೊದಲೇ ಭಾರತಕ್ಕೆ ಬಂದಿಳಿದವರ ಬಳಿ ಪ್ರಮಾಣಪತ್ರ ಇಲ್ಲದಿದ್ದರೆ ಆ ಅವಧಿ ಮುಗಿಯುವವರೆಗೆ ಪ್ರತ್ಯೇಕವಾಗಿ ಇರಿಸಲಾಗುತ್ತದೆ. ನಡುವೆ ದುಬೈನಲ್ಲೋ ದೋಹಾದಲ್ಲೋ ಎರಡು ದಿನ ತಂಗಿದರೂ ಎಣಿಕೆ ಕೆನ್ಯಾ ಬಿಟ್ಟ ದಿನದಿಂದಲೇ. ಮುಂಬೈ ಮೂಲಕ ಬರುವವರಿಗೆ ತಪಾಸಣೆ ಮುಂಬೈನಲ್ಲೇ ಆಗುತ್ತದೆ.

ಹೈದರಾಬಾದಿನಲ್ಲಿ ಈ ಲಸಿಕೆ ಸಿಗುವ ಹಳೆಯ, ಹೆಸರಾದ ಜಾಗ ನಾರಾಯಣಗುಡದ ಇನ್‌ಸ್ಟಿಟ್ಯೂಟ್ ಆಫ್ ಪ್ರಿವೆಂಟಿವ್ ಮೆಡಿಸಿನ್. ಕೇಂದ್ರ ಆರೋಗ್ಯ ಸಚಿವಾಲಯ ಮಾನ್ಯ ಮಾಡಿದ ಕೇಂದ್ರಗಳು ಕೊಟ್ಟ ಪ್ರಮಾಣಪತ್ರಕ್ಕೆ ಮಾತ್ರ ಬೆಲೆ. ಬೇರೆ ಕಡೆ ಚುಚ್ಚಿಸಿಕೊಂಡು ತಂದ ಚೀಟಿ ವಿಮಾನ ನಿಲ್ದಾಣದಲ್ಲಿ ನಡೆಯುವುದಿಲ್ಲ. ಲಸಿಕೆಯ ಸೀಸೆಯೊಂದರಲ್ಲಿ ಹಲವರಿಗೆ ಆಗುವಷ್ಟು ಡೋಸ್ ಇರುತ್ತದೆ, ತೆರೆದ ಸೀಸೆಯನ್ನು ಕೆಲವೇ ಗಂಟೆಗಳಲ್ಲಿ ಮುಗಿಸಬೇಕು. ಅದಕ್ಕಾಗಿ ಕೇಂದ್ರಗಳು ದಿನ ಗೊತ್ತುಮಾಡಿ, ಮೊದಲೇ ಹೆಸರು ಬರೆಸಿದವರನ್ನು ಒಟ್ಟಿಗೆ ಕರೆಯುತ್ತವೆ. ನಾಳೆ ಹೋಗಿ ನಾಳೆಯೇ ಹಾಕಿಸಿಕೊಂಡು ಬರುವ ಎಣಿಕೆ ಬೇಡ. ಮೂಲ ಪಾಸ್‌ಪೋರ್ಟ್ ಒಯ್ಯಬೇಕು, ಪ್ರಮಾಣಪತ್ರದಲ್ಲಿ ಪಾಸ್‌ಪೋರ್ಟ್ ಸಂಖ್ಯೆ ನಮೂದಾಗುತ್ತದೆ. ಹೆಸರಿನ ಅಕ್ಷರ, ಹುಟ್ಟಿದ ದಿನ, ಲಸಿಕೆಯ ಬ್ಯಾಚ್ ಸಂಖ್ಯೆ, ವೈದ್ಯರ ಸಹಿ, ಮೊಹರು ಎಲ್ಲವನ್ನೂ ಕೌಂಟರ್ ಬಿಡುವ ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

ಪ್ರಮಾಣಪತ್ರ ಊರ್ಜಿತವಾಗುವುದು ಲಸಿಕೆ ಹಾಕಿಸಿಕೊಂಡ 10 ದಿನಗಳ ನಂತರ. ದೇಹದಲ್ಲಿ ರಕ್ಷಣೆ ಬೆಳೆಯಲು ಅಷ್ಟು ಕಾಲ ಬೇಕು. ಹೊರಡುವ ಮುನ್ನಾದಿನ ಚುಚ್ಚಿಸಿಕೊಂಡು ಒಂದು ವಾರಕ್ಕೆ ಮರಳಿದವರ ಕೈಯಲ್ಲಿ ಕಾಗದ ಇದ್ದರೂ ಅದು ಇನ್ನೂ ಊರ್ಜಿತವಾಗಿರುವುದಿಲ್ಲ. ಒಮ್ಮೆ ಊರ್ಜಿತವಾದರೆ ಜೀವನಪೂರ್ತಿ ಸಾಕು. ಹತ್ತು ವರ್ಷಕ್ಕೊಮ್ಮೆ ಮತ್ತೆ ಹಾಕಿಸಿಕೊಳ್ಳಬೇಕೆಂಬ ಅಂತರರಾಷ್ಟ್ರೀಯ ನಿಯಮ 2016ರ ಜುಲೈ 11ಕ್ಕೆ ಕೊನೆಗೊಂಡಿತು. ಹಳೆಯ ಪ್ರಮಾಣಪತ್ರದ ಮೇಲೆ ಹತ್ತು ವರ್ಷದ ಅವಧಿ ಬರೆದಿದ್ದರೂ ಅದು ನಡೆಯುತ್ತದೆ.

ಇದು ದುರ್ಬಲಗೊಳಿಸಿದ ಜೀವಂತ ವೈರಸ್ಸಿನ ಲಸಿಕೆ, ಎಲ್ಲರಿಗೂ ಹೊಂದುವುದಿಲ್ಲ. 9 ತಿಂಗಳೊಳಗಿನ ಮಕ್ಕಳಿಗೆ, ಮೊಟ್ಟೆಯ ತೀವ್ರ ಅಲರ್ಜಿ ಇರುವವರಿಗೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ ಸಾಮಾನ್ಯವಾಗಿ ಹಾಕುವುದಿಲ್ಲ. ಗರ್ಭಿಣಿಯರು, 60 ವರ್ಷ ದಾಟಿದವರು ವೈದ್ಯರೊಡನೆ ಕೂತು ಮಾತಾಡಿಯೇ ತೀರ್ಮಾನಿಸಬೇಕು. ಮಗ ಸೊಸೆಯನ್ನು ನೋಡಲು ನೈರೋಬಿಗೆ ಹೊರಟ ಹಿರಿಯರ ಮಟ್ಟಿಗೆ ಇದು ಬಹಳ ಮುಖ್ಯ. ವೈದ್ಯಕೀಯ ಕಾರಣದ ವಿನಾಯಿತಿ ಪತ್ರ ತಂದರೂ ಭಾರತದಲ್ಲಿ ಕ್ವಾರಂಟೈನ್ ತಪ್ಪುವುದಿಲ್ಲ ಎಂಬುದು ಗೊತ್ತಿದ್ದೇ ಟಿಕೆಟ್ ಕೊಳ್ಳಬೇಕು. ಆರು ತಿಂಗಳೊಳಗಿನ ಹಸುಗೂಸುಗಳಿಗೆ ಮಾತ್ರ ಈ ನಿಯಮ ಅನ್ವಯಿಸದು.

ಯಾವ ದಾರಿಯಲ್ಲಿ ಹೋಗುತ್ತೇವೆ ಎಂಬುದಕ್ಕೂ ಇಲ್ಲಿ ಮಹತ್ವವಿದೆ. ಇಥಿಯೋಪಿಯನ್ ಏರ್‌ಲೈನ್ಸ್ 2025ರ ಜೂನ್‌ನಲ್ಲಿ ಹೈದರಾಬಾದಿನಿಂದ ಅಡಿಸ್ ಅಬಾಬಾಕ್ಕೆ ನೇರ ವಿಮಾನ ಆರಂಭಿಸಿತು. ಆಫ್ರಿಕಾದ ಎಷ್ಟೋ ಊರುಗಳಿಗೆ ಅಲ್ಲಿಂದ ಮುಂದೆ ಹೋಗಬಹುದು. ಇಥಿಯೋಪಿಯಾ ಕೂಡ ಭಾರತದ ಹಳದಿ ಜ್ವರ ಪಟ್ಟಿಯಲ್ಲಿದೆ. ದಕ್ಷಿಣ ಆಫ್ರಿಕಾ, ಮಾರಿಷಸ್‌ನಂತಹ ಪಟ್ಟಿಯಲ್ಲಿಲ್ಲದ ದೇಶಕ್ಕೆ ಹೋದವರೂ ಅಡಿಸ್ ಅಬಾಬಾದಲ್ಲಿ ವಿಮಾನ ಬದಲಿಸಿ ಬಂದರೆ ಪ್ರಶ್ನೆ ಏಳುತ್ತದೆ. ನಿಲ್ದಾಣದ ಆವರಣ ಬಿಟ್ಟು ಹೊರಗೆ ಹೋಗಿಲ್ಲವೆಂದಾದರೆ, ಆರೋಗ್ಯಾಧಿಕಾರಿ ಒಪ್ಪಿದರೆ ವಿನಾಯಿತಿ ಉಂಟು. ಒಪ್ಪುವುದು ಬಿಡುವುದು ಅವರಿಗೆ ಸೇರಿದ್ದು. ಅಡಿಸ್ ಅಬಾಬಾದ ಹೋಟೆಲಿನಲ್ಲಿ ರಾತ್ರಿ ತಂಗಿದವರಿಗೆ ಆ ವಿನಾಯಿತಿಯೂ ಇಲ್ಲ.

ಪಾಸ್‌ಪೋರ್ಟ್ ಮತ್ತು ಇ-ಟಿಎ

ಕೆನ್ಯಾಕ್ಕೆ ಬಂದಿಳಿಯುವ ದಿನದಿಂದ ಕನಿಷ್ಠ 6 ತಿಂಗಳ ಅವಧಿ ಪಾಸ್‌ಪೋರ್ಟಿನಲ್ಲಿ ಉಳಿದಿರಬೇಕು, ಖಾಲಿ ಪುಟವೂ ಇರಬೇಕು. ಅವಧಿ ಕಡಿಮೆಯಿದ್ದರೆ ಲಸಿಕೆಗಿಂತ ಮೊದಲೇ ಹೊಸ ಪಾಸ್‌ಪೋರ್ಟ್ ಮಾಡಿಸಿಕೊಳ್ಳಬೇಕು, ಇಲ್ಲವಾದರೆ ಪ್ರಮಾಣಪತ್ರದಲ್ಲಿ ಹಳೆಯ ಸಂಖ್ಯೆ ಉಳಿದು ವಿವರಣೆ ಕೊಡುತ್ತಾ ನಿಲ್ಲಬೇಕಾಗುತ್ತದೆ. 2018ರಿಂದ ದೇಶದ ಯಾವ ಊರಿನಲ್ಲಿ ಬೇಕಾದರೂ ಅರ್ಜಿ ಹಾಕಬಹುದು. ಬೀದರಿನ ವಿಳಾಸದವರು ಹೈದರಾಬಾದಿನಲ್ಲೇ ಅರ್ಜಿ ಸಲ್ಲಿಸಬಹುದು. ಪೊಲೀಸ್ ಪರಿಶೀಲನೆ ಮಾತ್ರ ಅರ್ಜಿಯಲ್ಲಿ ಕೊಟ್ಟ ವಿಳಾಸದಲ್ಲೇ ನಡೆಯುತ್ತದೆ.

ಇ-ಟಿಎ ಅರ್ಜಿಗೆ ಪಾಸ್‌ಪೋರ್ಟಿನ ಫೋಟೊ ಪುಟದ ಸ್ಕ್ಯಾನ್, ಇತ್ತೀಚಿನ ಭಾವಚಿತ್ರ, ಹೋಗಿಬರುವ ಟಿಕೆಟ್, ಉಳಿಯುವ ಜಾಗದ ಬುಕಿಂಗ್ ಬೇಕು. ಬಂಧುಗಳ ಮನೆಯಲ್ಲಿ ಉಳಿಯುವವರು ಅವರ ಆಹ್ವಾನ ಪತ್ರ ಒದಗಿಸಬೇಕು. ಪದ್ಧತಿ ಆರಂಭವಾದಾಗ ಶುಲ್ಕ 30 ಡಾಲರ್ ಇತ್ತು, ಕಾರ್ಡ್ ಪಾವತಿಯ ಖರ್ಚು ಬೇರೆ. ಮಕ್ಕಳಿಗೂ ಪ್ರತ್ಯೇಕ ಅರ್ಜಿ ಹಾಕಬೇಕು. ಸಾಮಾನ್ಯವಾಗಿ ಮೂರು ಕೆಲಸದ ದಿನಗಳಲ್ಲಿ ಅನುಮತಿ ಬರುತ್ತದೆ. ಅದನ್ನು ತೋರಿಸದಿದ್ದರೆ ವಿಮಾನ ಕಂಪನಿಯವರು ಶಂಷಾಬಾದ್‌ನಲ್ಲೇ ತಡೆಯುತ್ತಾರೆ. ಸರ್ಕಾರಿ ಜಾಲತಾಣವನ್ನೇ ಹೋಲುವ ಖಾಸಗಿ ತಾಣಗಳು ಹೆಚ್ಚಿನ ಹಣ ಕೀಳುತ್ತವೆ. ಕೆನ್ಯಾ ಸರ್ಕಾರದ ತಾಣದ ವಿಳಾಸ ‘ಗೊ ಡಾಟ್ ಕೆಇ’ ಎಂದೇ ಮುಗಿಯುತ್ತದೆ.

ಇ-ಟಿಎ ಪ್ರವಾಸಕ್ಕೆ, ಬಂಧುಗಳ ಭೇಟಿಗೆ, ಅಲ್ಪಾವಧಿಯ ವ್ಯವಹಾರಕ್ಕೆ ಮಾತ್ರ. ಸಂಬಳದ ಕೆಲಸಕ್ಕೆ ಬೇರೆಯೇ ವರ್ಕ್ ಪರ್ಮಿಟ್ ಬೇಕು. ‘ಮೊದಲು ಹೋಗಿಬಿಡಿ, ಅಲ್ಲಿ ಬದಲಾಯಿಸಿಕೊಡುತ್ತೇವೆ’ ಎನ್ನುವ ಏಜೆಂಟರ ಮಾತು ನಂಬಿ ಹೊರಡುವುದು ಅಪಾಯ. ಕೆನ್ಯಾದ ಜತೆಗೆ ಉಗಾಂಡ, ರುವಾಂಡಗಳನ್ನೂ ನೋಡುವವರಿಗೆ 100 ಡಾಲರಿನ ಪೂರ್ವ ಆಫ್ರಿಕಾ ಪ್ರವಾಸಿ ವೀಸಾ ಇದೆ, ಅವಧಿ 90 ದಿನ. ಮೊದಲು ಕಾಲಿಡುವ ದೇಶಕ್ಕೆ ಅರ್ಜಿ ಹಾಕಬೇಕು. ಉಗಾಂಡ ಮಾತ್ರ ಬರುವವರೆಲ್ಲರಿಂದಲೂ ಹಳದಿ ಜ್ವರದ ಪ್ರಮಾಣಪತ್ರ ಕೇಳುತ್ತದೆ.

ಹಣ ಮತ್ತು ಸಾಮಾನು

ಒಂದು ಪ್ರಯಾಣಕ್ಕೆ 3,000 ಡಾಲರಿನಷ್ಟು ಮಾತ್ರ ವಿದೇಶಿ ನೋಟುಗಳನ್ನು ಒಯ್ಯಬಹುದು, ಉಳಿದದ್ದು ಫಾರೆಕ್ಸ್ ಕಾರ್ಡಿನಲ್ಲಿರಬೇಕು. ಭಾರತದ ರೂಪಾಯಿಗೆ ಮಿತಿ 25,000. ಬೆಲೆಬಾಳುವ ಕ್ಯಾಮೆರಾ, ಒಡವೆ ಒಯ್ಯುವವರು ಹೊರಡುವಾಗಲೇ ಶಂಷಾಬಾದ್‌ನ ಕಸ್ಟಮ್ಸ್ ಅಧಿಕಾರಿಗಳಿಗೆ ತೋರಿಸಿ ರಫ್ತು ಪ್ರಮಾಣಪತ್ರ ಪಡೆದರೆ, ಬರುವಾಗ ಅದು ಹೊರದೇಶದಲ್ಲಿ ಕೊಂಡದ್ದಲ್ಲ ಎಂದು ರುಜುವಾತು ಮಾಡುವ ತಾಪತ್ರಯ ಇರುವುದಿಲ್ಲ.

ಕೆನ್ಯಾದಲ್ಲಿ ಪ್ಲಾಸ್ಟಿಕ್ ಕೈಚೀಲಕ್ಕೆ 2017ರ ಆಗಸ್ಟ್ 28ರಿಂದ ನಿಷೇಧವಿದೆ. ಶಿಕ್ಷೆ ಕಠಿಣ, ಜೈಲುವಾಸವೂ ಉಂಟು. ಸೀರೆ, ಚಪ್ಪಲಿ, ತಿಂಡಿಗಳನ್ನು ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುವ ನಮ್ಮ ಅಭ್ಯಾಸವನ್ನು ಇಲ್ಲಿ ಬಿಡಬೇಕು, ಬಟ್ಟೆಯ ಚೀಲವೇ ವಾಸಿ. ಡ್ಯೂಟಿ ಫ್ರೀ ಅಂಗಡಿಯ ಕವರನ್ನೂ ಇಳಿದೊಡನೆ ನಿಲ್ದಾಣದಲ್ಲೇ ಬಿಡಬೇಕು. 2020ರ ಜೂನ್ 5ರಿಂದ ರಾಷ್ಟ್ರೀಯ ಉದ್ಯಾನ, ಸಂರಕ್ಷಿತ ಕಡಲತೀರಗಳೊಳಗೆ ಪ್ಲಾಸ್ಟಿಕ್ ನೀರಿನ ಬಾಟಲಿಗೂ ಪ್ರವೇಶವಿಲ್ಲ. ಸ್ಟೀಲ್ ಬಾಟಲಿ ಒಯ್ಯುವುದು ಒಳ್ಳೆಯದು.

ಹಸಿ ಕರಿಬೇವು, ಹಣ್ಣು, ಬಿತ್ತನೆ ಬೀಜ, ಗಿಡಗಳಿಗೆ ಸಸ್ಯ ಆರೋಗ್ಯದ ಪರವಾನಗಿ ಬೇಕು. ಕೊಡಲೇಬೇಕೆಂಬ ಆಸೆಯಿದ್ದರೆ ಒಣ ಚಟ್ನಿಪುಡಿ, ಸಾರಿನ ಪುಡಿ ಸಾಕು, ಗೋಂಗೂರ ಉಪ್ಪಿನಕಾಯಿಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಚೆಕ್-ಇನ್ ಪೆಟ್ಟಿಗೆಯಲ್ಲಿ ಇಡಬೇಕು. ಮದ್ಯಕ್ಕೆ ಕೆನ್ಯಾದ ಮಿತಿ 1 ಲೀಟರ್, ವೈನ್ ಆದರೆ 2 ಲೀಟರ್. ತಂಬಾಕು 250 ಗ್ರಾಂ. 10,000 ಡಾಲರಿಗಿಂತ ಹೆಚ್ಚು ನಗದಿದ್ದರೆ ಅಲ್ಲಿ ಘೋಷಿಸಬೇಕು. ಅನುಮತಿಯಿಲ್ಲದೆ ಡ್ರೋನ್ ಒಯ್ದರೆ ನಿಲ್ದಾಣದಲ್ಲೇ ವಶವಾಗುತ್ತದೆ. ನಿತ್ಯದ ಔಷಧಿಗಳನ್ನು ಮೂಲ ಪೊಟ್ಟಣದಲ್ಲೇ, ವೈದ್ಯರ ಚೀಟಿಯೊಡನೆ ಇಟ್ಟುಕೊಳ್ಳಬೇಕು.

ಮರಳುವಾಗ ತರಬಾರದ್ದೂ ಇದೆ. ದಂತ, ಕಾಡುಪ್ರಾಣಿಗಳ ಚರ್ಮ, ಉಗುರು, ಕೊಂಬಿನ ವಸ್ತುಗಳು ಎರಡೂ ದೇಶಗಳಲ್ಲಿ ಅಪರಾಧ. ಹವಳ, ಚಿಪ್ಪುಗಳನ್ನೂ ಮುಟ್ಟದಿರುವುದು ಕ್ಷೇಮ. ಕೆನ್ಯಾದ ಬೀದಿಬದಿ ರಾಜಾರೋಷವಾಗಿ ಮಾರುವ ‘ಮಿರಾ’ ಎಂಬ ಜಗಿಯುವ ಸೊಪ್ಪಿನಲ್ಲಿ ಕ್ಯಾಥಿನೋನ್ ಇರುತ್ತದೆ, ಭಾರತದಲ್ಲಿ ಅದು ಮಾದಕವಸ್ತು ಕಾಯ್ದೆಗೆ ಒಳಪಟ್ಟದ್ದು. ಪರಿಚಯದವರು ಕೊಟ್ಟ ಪೊಟ್ಟಣವನ್ನು ಬಿಚ್ಚಿ ನೋಡದೆ ಹೊತ್ತು ತರುವುದು ಬೇಡವೇ ಬೇಡ.

ಮಲೇರಿಯಾ

ಹಳದಿ ಜ್ವರಕ್ಕೆ ಕಾಗದ ಕೇಳುತ್ತಾರೆ, ಮಲೇರಿಯಾಕ್ಕೆ ಯಾರೂ ಕೇಳುವುದಿಲ್ಲ. ಪ್ರವಾಸಿಯ ಜೀವಕ್ಕೆ ನಿಜವಾಗಿ ಹೆಚ್ಚು ಹತ್ತಿರದ ಅಪಾಯ ಅದೇ. ಎತ್ತರದ ನೈರೋಬಿಯಲ್ಲಿ ಅಪಾಯ ಕಡಿಮೆ. ಮೊಂಬಾಸಾದ ಕರಾವಳಿ, ವಿಕ್ಟೋರಿಯಾ ಸರೋವರದ ಸುತ್ತ ಹೆಚ್ಚು, ಮಾಸಾಯಿ ಮಾರಾದಲ್ಲೂ ಇದೆ. ಅಲ್ಲಿಯದು ಬಹುಪಾಲು ಫಾಲ್ಸಿಪಾರಂ ಬಗೆಯ ಮಲೇರಿಯಾ, ತಡಮಾಡಿದರೆ ಕೊಲ್ಲುವಂಥದ್ದು. ತಡೆ ಮಾತ್ರೆಗಳನ್ನು ವೈದ್ಯರೇ ಆರಿಸಿಕೊಡಬೇಕು. ಡಾಕ್ಸಿಸೈಕ್ಲಿನ್ ಆದರೆ ಹೊರಡುವ ಒಂದೆರಡು ದಿನ ಮೊದಲು ಶುರುಮಾಡಿ, ಮರಳಿದ ಮೇಲೂ 4 ವಾರ ನುಂಗಬೇಕು. ಮೆಫ್ಲೋಕ್ವಿನ್ ವಾರಕ್ಕೊಂದು ಮಾತ್ರೆ, ಹೊರಡುವ ಎರಡು ವಾರ ಮೊದಲೇ ಶುರುವಾಗಬೇಕು. ಮನೆಗೆ ಬಂದಾಯಿತಲ್ಲ ಎಂದು ನಡುವೆ ನಿಲ್ಲಿಸುವವರೇ ಜಾಸ್ತಿ.

ಸೊಳ್ಳೆಯ ದೇಹದಲ್ಲಿ ಮಲೇರಿಯಾ ಪರಾವಲಂಬಿಯನ್ನು ರೊನಾಲ್ಡ್ ರಾಸ್ ಕಂಡದ್ದು 1897ರ ಆಗಸ್ಟ್ 20ರಂದು, ಇದೇ ಸಿಕಂದರಾಬಾದಿನಲ್ಲಿ. ನಲ್ಲಕುಂಟದ ಫೀವರ್ ಆಸ್ಪತ್ರೆ ಅವರ ಹೆಸರನ್ನೇ ಹೊತ್ತಿದೆ. ಮರಳಿದ ಮೂರು ತಿಂಗಳೊಳಗೆ ಜ್ವರ ಬಂದರೆ, ಮಾತ್ರೆ ತಪ್ಪದೆ ನುಂಗಿದ್ದರೂ, ಅಲ್ಲಿಗೋ ಹತ್ತಿರದ ಬೇರೆ ಆಸ್ಪತ್ರೆಗೋ ಅದೇ ದಿನ ಹೋಗಿ, ಆಫ್ರಿಕಾದಿಂದ ಬಂದಿರುವುದನ್ನು ಮೊದಲ ಮಾತಿನಲ್ಲೇ ವೈದ್ಯರಿಗೆ ತಿಳಿಸಿ, ರಕ್ತಪರೀಕ್ಷೆ ಮಾಡಿಸಬೇಕು.