ಕವಲು ಎಷ್ಟನೇ ತರಗತಿಯಲ್ಲಿ?

ಮ್ಯೂನಿಕ್‌ಗೆ ಕೆಲಸಕ್ಕೆಂದು ಹೋದ ಕನ್ನಡದ ಮನೆಯೊಂದನ್ನು ಊಹಿಸಿಕೊಳ್ಳಿ. ಮಗಳು ನಾಲ್ಕನೇ ತರಗತಿ. ಗಣಿತದಲ್ಲಿ 1 ಬಂತು ಎಂದು ಫೋನಿನಲ್ಲಿ ಹೇಳುತ್ತಾಳೆ. ತುಮಕೂರಿನ ಅಜ್ಜಿಗೆ ಗಾಬರಿ: “ಅಯ್ಯೋ, ಒಂದೇ ಒಂದಾ? ಎಷ್ಟಕ್ಕೆ ಪುಟ್ಟೀ?” ಅಲ್ಲಿ 1 ಎಂದರೆ ಎಲ್ಲಕ್ಕಿಂತ ಮೇಲು, 6 ಎಂದರೆ ಎಲ್ಲಕ್ಕಿಂತ ಕೆಳಗೆ. ಇಷ್ಟನ್ನು ಅಜ್ಜಿಗೆ ಬಿಡಿಸಿ ಹೇಳಬಹುದು. ಮೇ ತಿಂಗಳಲ್ಲಿ ಅದೇ ಮಗುವಿನ ಕೈಗೆ ಬರುವ ಒಂದು ಹಾಳೆಯನ್ನು ವಿವರಿಸುವುದು ಕಷ್ಟ.

ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಜರ್ಮನ್ ಭಾಷೆ, ಗಣಿತ, ಪರಿಸರ ಪಾಠ ಈ ಮೂರರ ಸರಾಸರಿಯನ್ನು ಆ ಹಾಳೆಯಲ್ಲಿ ಬರೆದಿರುತ್ತಾರೆ. ಸರಾಸರಿ 2.33ರ ಒಳಗಿದ್ದರೆ ಮಗು ಗಿಮ್ನಾಸಿಯುಮ್‌ಗೆ ಹೋಗಬಹುದು. ಹೆಸರು ಕೇಳಿ ಗರಡಿಮನೆ ಎಂದುಕೊಳ್ಳಬೇಡಿ, ಅದು ವಿಶ್ವವಿದ್ಯಾಲಯದ ಕಡೆಗೆ ಒಯ್ಯುವ ಶಾಲೆ. 2.66ರ ಒಳಗಿದ್ದರೆ ರಿಯಾಲ್‌ಶೂಲೆ. ಉಳಿದವರಿಗೆ ಮಿಟೆಲ್‌ಶೂಲೆ. ಆಗ ಮಗುವಿಗೆ ಹತ್ತು ವರ್ಷ.

ಬೇರೆ ದೇಶಗಳ ಶಾಲೆಗಳ ಬಗ್ಗೆ ಹೊಸದಾಗಿ ಓದತೊಡಗಿದವರು ಮೊದಲು ಕೇಳುವುದು “ಯಾವ ದೇಶದ್ದು ಚೆನ್ನಾಗಿದೆ?” ಎಂದು. ಆ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಬದಲಿಗೆ ಹೀಗೆ ಕೇಳಿ: ಒಂದೇ ಬೆಂಚಿನಲ್ಲಿ ಕೂತ ಮಕ್ಕಳನ್ನು ಈ ದೇಶ ಎಷ್ಟನೇ ವಯಸ್ಸಿಗೆ ಬೇರೆ ಬೇರೆ ದಾರಿಗೆ ಹಚ್ಚುತ್ತದೆ? ಇದೊಂದು ತಿಳಿದರೆ, ಟ್ಯೂಷನ್ ಯಾವ ತರಗತಿಯಲ್ಲಿ ಬಿರುಸಾಗುತ್ತದೆ, ಅಪ್ಪ ಅಮ್ಮಂದಿರ ನಿದ್ದೆ ಯಾವ ವರ್ಷ ಕೆಡುತ್ತದೆ ಎಂಬುದನ್ನೆಲ್ಲ ನೀವೇ ಊಹಿಸಬಲ್ಲಿರಿ.

ಜರ್ಮನಿಯಲ್ಲಿ 16 ರಾಜ್ಯಗಳಿವೆ, ಶಾಲೆ ರಾಜ್ಯಗಳಿಗೆ ಸೇರಿದ ವಿಷಯ. ಬರ್ಲಿನ್ ಮತ್ತು ಬ್ರಾಂಡನ್‌ಬರ್ಗ್‌ಗಳಲ್ಲಿ ಈ ಕವಲು ಆರನೇ ತರಗತಿಯ ನಂತರ. ಹಲವು ರಾಜ್ಯಗಳಲ್ಲಿ ಶಿಕ್ಷಕರು ಸಲಹೆ ಕೊಡುತ್ತಾರೆ, ಕೊನೆಯ ಮಾತು ಹೆತ್ತವರದು. ಇನ್ನೊಂದು ಮಾತನ್ನೂ ಹೇಳಬೇಕು: ಗಿಮ್ನಾಸಿಯುಮ್ ಸಿಗದ ಮಗುವಿನ ಬಾಳು ಅಲ್ಲಿ ಮುಗಿಯುವುದಿಲ್ಲ. ಮುಂದೆ ಕಂಪನಿಯೊಂದರ ಜೊತೆ ಒಪ್ಪಂದ ಮಾಡಿಕೊಂಡು, ವಾರದಲ್ಲಿ ಒಂದೆರಡು ದಿನ ವೃತ್ತಿಶಾಲೆ, ಉಳಿದ ದಿನ ಕೆಲಸ ಎಂದು ಎರಡರಿಂದ ಮೂರೂವರೆ ವರ್ಷ ಕಲಿಯಬಹುದು, ಅದಕ್ಕೆ ಸಂಬಳವೂ ಉಂಟು. ನಮ್ಮ ಐಟಿಐ ನೆನಪಾಗಬಹುದು. ಆದರೆ ಐಟಿಐಗೆ ನಾವು ಕೊಡದ ಮರ್ಯಾದೆ ಅದಕ್ಕೆ ಅಲ್ಲಿದೆ.

ಹಾಗಿದ್ದೂ ಹತ್ತನೇ ವಯಸ್ಸಿನ ಕವಲು ಜರ್ಮನರನ್ನೇ ಕಾಡುತ್ತಿದೆ. ಹದಿನೈದು ವರ್ಷದ ಮಕ್ಕಳನ್ನು ದೇಶ ದೇಶಗಳಲ್ಲಿ ಪರೀಕ್ಷಿಸುವ ‘ಪಿಸಾ’ದ ಮೊದಲ ಫಲಿತಾಂಶ 2001ರಲ್ಲಿ ಬಂದಾಗ ಜರ್ಮನಿ ಸರಾಸರಿಗಿಂತ ಕೆಳಗಿತ್ತು. ಅದಕ್ಕಿಂತ ಹೆಚ್ಚು ಚುಚ್ಚಿದ್ದು, ಮಗುವಿನ ಓದಿಗೂ ಮನೆಯ ಅಂತಸ್ತಿಗೂ ಇದ್ದ ಗಟ್ಟಿ ನಂಟು. ಆದರೂ 2010ರಲ್ಲಿ ಹ್ಯಾಂಬರ್ಗ್ ನಗರದ ಸರ್ಕಾರ ಎಲ್ಲ ಮಕ್ಕಳನ್ನೂ ಆರನೇ ತರಗತಿಯವರೆಗೆ ಒಟ್ಟಿಗೆ ಓದಿಸಲು ಹೊರಟಾಗ, ಮತದಾರರು ಜನಮತಗಣನೆಯಲ್ಲಿ ಬೇಡವೆಂದರು. ದಾರಿ ಬೇಗ ಕವಲೊಡೆದಷ್ಟೂ ಯಾರಿಗೆ ಅನುಕೂಲವೋ, ಅವರು ಅದನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ಫಿನ್ಲೆಂಡ್ ಅದನ್ನು ಬಿಡಿಸಿತು. ಇಂದು ಆ ದೇಶವನ್ನು ಹೊಗಳುವ ಅನೇಕರಿಗೆ, ಅಲ್ಲಿಯೂ ಒಂದು ಕಾಲಕ್ಕೆ ಹನ್ನೊಂದರ ಹೊತ್ತಿಗೆ ಮಕ್ಕಳು ಬೇರೆಯಾಗುತ್ತಿದ್ದರು ಎಂಬುದು ಗೊತ್ತಿರುವುದಿಲ್ಲ. ಫೀ ಕಟ್ಟಬಲ್ಲ, ಪ್ರವೇಶ ಪರೀಕ್ಷೆ ದಾಟಬಲ್ಲ ಮಕ್ಕಳು ‘ಓಪ್ಪಿಕೌಲು’ ಸೇರುತ್ತಿದ್ದರು, ಮಿಕ್ಕವರು ಊರ ಶಾಲೆಯಲ್ಲೇ ಉಳಿಯುತ್ತಿದ್ದರು. 1968ರ ಕಾನೂನು ಎರಡನ್ನೂ ಬೆಸೆದು ಒಂಬತ್ತು ವರ್ಷದ ಒಂದೇ ಶಾಲೆ ಮಾಡಿತು. ನನಗೆ ಇಷ್ಟವಾಗುವುದು ಅದನ್ನು ಜಾರಿಗೆ ತಂದ ರೀತಿ. ರಾಜಧಾನಿಯಿಂದ ಆರಂಭಿಸಲಿಲ್ಲ. 1972ರಲ್ಲಿ ಉತ್ತರ ತುದಿಯ ಹಿಮದ ನಾಡು ಲ್ಯಾಪ್‌ಲ್ಯಾಂಡ್‌ನಲ್ಲಿ ಶುರುಮಾಡಿ ದಕ್ಷಿಣಕ್ಕೆ ಇಳಿಯುತ್ತ 1977ಕ್ಕೆ ಹೆಲ್ಸಿಂಕಿ ಸುತ್ತಮುತ್ತ ತಲುಪಿದರು. ಆಮೇಲೂ ಗಣಿತ ಮತ್ತು ಭಾಷಾ ಪಾಠಗಳಲ್ಲಿ ಮಕ್ಕಳನ್ನು ಮಟ್ಟ ನೋಡಿ ಗುಂಪು ಮಾಡುವುದು 1980ರ ದಶಕದ ನಡುವಿನವರೆಗೆ ಉಳಿದಿತ್ತು. ಪ್ರಾಥಮಿಕ ತರಗತಿಗೆ ಪಾಠ ಹೇಳುವವರಿಗೂ ಸ್ನಾತಕೋತ್ತರ ಪದವಿ ಬೇಕೆಂದರು. ಈಗ ಅಲ್ಲಿ ಮಗು ಏಳಕ್ಕೆ ಶಾಲೆ ಸೇರಿ ಹದಿನಾರರವರೆಗೆ ಎಲ್ಲರ ಜೊತೆ ಓದುತ್ತದೆ. ನಡುವೆ ನಮ್ಮ ಎಸ್ಸೆಸ್ಸೆಲ್ಸಿಯಂಥ ಸಾರ್ವಜನಿಕ ಪರೀಕ್ಷೆ ಇಲ್ಲ. ಪಿಸಾದ ಮೊದಲ ಸುತ್ತಿನಲ್ಲಿ ಓದಿನಲ್ಲಿ ಅವರೇ ಮೊದಲಿಗರು. ಇತ್ತೀಚಿನ ಸುತ್ತುಗಳಲ್ಲಿ ಚೆನ್ನಾಗಿಯೇ ಜಾರಿದ್ದಾರೆ, ಹಾಗಾಗಿ ಕವಲನ್ನು ಮುಂದೂಡಿದ ಮಾತ್ರಕ್ಕೆ ಎಲ್ಲ ಸರಿಹೋಯಿತು ಎಂದು ಬರೆದುಕೊಳ್ಳಬೇಡಿ.

ಜಪಾನಿನದು ಬೇರೊಂದು ಬಗೆ. ಆರು ವರ್ಷ ಪ್ರಾಥಮಿಕ, ಮೂರು ವರ್ಷ ಮಾಧ್ಯಮಿಕ, ಅಲ್ಲಿಯವರೆಗೆ ಹೆಚ್ಚುಕಡಿಮೆ ಎಲ್ಲರೂ ಒಟ್ಟು. ಮಕ್ಕಳೇ ತರಗತಿ ಗುಡಿಸುತ್ತಾರೆ, ಊಟ ಬಡಿಸುತ್ತಾರೆ. ಹದಿನೈದಕ್ಕೆ ಪ್ರೌಢಶಾಲೆಯ ಪ್ರವೇಶ ಪರೀಕ್ಷೆ ಎದುರಾಗುತ್ತದೆ, ಅದಕ್ಕೆಂದೇ ಸಂಜೆಯ ‘ಜುಕು’ಗಳು, ಅಂದರೆ ನಮ್ಮ ಟ್ಯುಟೋರಿಯಲ್‌ಗಳು.

ಕರ್ನಾಟಕಕ್ಕೆ ಇದೇ ಪ್ರಶ್ನೆ ಹಾಕಿ ನೋಡಿ. ಕಾಗದದ ಮೇಲೆ ನಮ್ಮ ಕವಲು ತಡವಾದದ್ದು: ಎಸ್ಸೆಸ್ಸೆಲ್ಸಿ ಆದಮೇಲೆ ವಿಜ್ಞಾನ, ವಾಣಿಜ್ಯ, ಕಲೆ, ಐಟಿಐ, ಡಿಪ್ಲೊಮಾ. ಫಿನ್ಲೆಂಡಿಗೆ ಸಮಸಮ ಎನ್ನಬಹುದು. ಈಗ ಬೆಳಗಿನ ಎಂಟಕ್ಕೆ ಯಾವುದಾದರೂ ಹೋಬಳಿಯ ಬೀದಿಯಲ್ಲಿ ನಿಲ್ಲಿ. ಹಳದಿ ವ್ಯಾನು ಬಂದು ಟೈ ಕಟ್ಟಿದ ಎಲ್‌ಕೆಜಿ ಮಗುವನ್ನು ಹತ್ತಿಸಿಕೊಂಡು ಹೋಗುತ್ತದೆ. ಪಕ್ಕದ ಮನೆಯ ಮಗು ಇನ್ನೂ ಹಲ್ಲುಜ್ಜುತ್ತಿದೆ, ಅದರ ಅಂಗನವಾಡಿ ಬೀದಿಯ ಕೊನೆಯಲ್ಲೇ ಇದೆ. ಇಬ್ಬರಿಗೂ ನಾಲ್ಕು ವರ್ಷ.